ತಿಳಿಯಾಗಿರೋದೆಲ್ಲ ಒಳ್ಳೇ ನೀರಲ್ಲ

ಭಾಗ 1/10: ಚಂದಾ ಕೊಡೋ ಮುಂಚೆ ಒಂದ್ನಿಮಿಷ

ಈ ಸಲ ಹತ್ತು ಪೋಸ್ಟ್‌ಗಳ ಸರಣಿ. ಜಗಳದ ಸರಣಿ ಅಂತಲೇ ಅಂದ್ಕೊಳ್ಳಿ, ಬೇಜಾರಿಲ್ಲ.

ಫೋಟೋದಲ್ಲಿರೋದು ನಮ್ಮ ಕಾಲೇಜು ತೋಟದ ಕೊಳ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡಡಿ ಆಳ. ಲೆಕ್ಕ ಹಾಕಿದ್ರೆ ಸುಮಾರು 3,600 ಲೀಟರ್ ನೀರು. ಆ ನೀರು ಈಗ ಪಾಲಕ್ ಸಾರಿನ ಬಣ್ಣಕ್ಕೆ ತಿರುಗಿದೆ. ಒಳಗಿರೋ ಮೀನು ಕಾಣಲ್ಲ. ಮುಂದಿನ ಸೆಮಿಸ್ಟರ್‌ಗೆ ನ್ಯಾಕ್ ತಂಡ ಬರುತ್ತೆ, ಅಷ್ಟರೊಳಗೆ ಕೊಳ ಗಾಜಿನ ಥರ ಹೊಳೀಬೇಕು ಅಂತ ಒಂದು ಯುವಿ ದೀಪ, ಒಂದು ಪಂಪು ತರೋಕೆ ಕ್ಲಾಸ್ ಗ್ರೂಪ್‌ಗಳಲ್ಲಿ ಚಂದಾ ಎತ್ತೋದು ಶುರುವಾಗಿದೆ. ಅರ್ಧ ದುಡ್ಡು ಡಿಪಾರ್ಟ್‌ಮೆಂಟ್‌ದು, ಅರ್ಧ ನಮ್ಮದು.

ನನ್ನ ಮಾತು ನೇರವಾಗಿ ಹೇಳ್ತೀನಿ: ಈಗ ಆ ದೀಪ ಬೇಡ. ಕೊಳ ಹಸಿರಾಗಿರೋದಕ್ಕೆ ಕಾರಣ ನಾವು ಅದರೊಳಗೆ ಹಾಕ್ತಿರೋದು. ದೀಪ ಹಾಕಿದ್ರೆ ಹಸಿರು ಹೋಗುತ್ತೆ, ಕಾರಣ ಅಲ್ಲೇ ಉಳಿಯುತ್ತೆ. ಜ್ವರ ಬಂದಾಗ ಥರ್ಮಾಮೀಟರ್‌ನ ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿದ ಹಾಗೆ.

“ಇವನಿಗೇನು ಗೊತ್ತು, ಬೇಡ ಅನ್ನೋದೇ ಅಭ್ಯಾಸ” ಅನ್ನೋರಿಗೆ ಒಂದು ಮಾತು. ಯುವಿ ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಚೆನ್ನಾಗೇ ಮಾಡುತ್ತೆ. ಹೇಗೆ ಅಂತ ಮುಂದಿನ ಪೋಸ್ಟಲ್ಲಿ ಪ್ರಾಮಾಣಿಕವಾಗಿ ಹೇಳ್ತೀನಿ. ಎದುರಾಳಿಯ ಬಲ ತಿಳಿಯದೆ ಜಗಳಕ್ಕೆ ಇಳಿಯೋದು ನನಗೂ ಇಷ್ಟ ಇಲ್ಲ.

ಭಾಗ 2/10: ದೀಪದ ಪರವಾಗಿ ಹೇಳಬೇಕಾದ್ದು

ಯುವಿ ಅಂದ್ರೆ ನೇರಳಾತೀತ ಕಿರಣ. ಪಿಯುಸಿಯಲ್ಲಿ ಓದಿದ್ದು ನೆನಪಿದೆ ತಾನೆ? 400 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು. ಅದರಲ್ಲಿ 280ಕ್ಕಿಂತ ಕೆಳಗಿರೋದು ಯುವಿ-ಸಿ. ಸೂರ್ಯನಿಂದ ಬರೋ ಯುವಿ-ಸಿ ಮೇಲೇ ವಾತಾವರಣದಲ್ಲಿ ಹೀರಿಹೋಗುತ್ತೆ, ನೆಲಕ್ಕೆ ಬರೋದೇ ಇಲ್ಲ. ಹಾಗಾಗಿ ಭೂಮಿ ಮೇಲಿನ ಜೀವಿಗಳಿಗೆ ಅದನ್ನ ತಡ್ಕೊಂಡು ಅಭ್ಯಾಸ ಇಲ್ಲ.

ಕೊಳದ ದೀಪದೊಳಗೆ ಕಡಿಮೆ ಒತ್ತಡದ ಪಾದರಸದ ಆವಿ ಇರುತ್ತೆ. ಕರೆಂಟ್ ಹರಿಸಿದ್ರೆ ಅದು ಮುಖ್ಯವಾಗಿ 254 ನ್ಯಾನೋಮೀಟರ್ ಬೆಳಕು ಕೊಡುತ್ತೆ. ಡಿಎನ್‌ಎ ಅತಿ ಹೆಚ್ಚು ಹೀರಿಕೊಳ್ಳೋದು ಸುಮಾರು 260ರ ಹತ್ತಿರ. ಗುರಿ ಸರಿಯಾಗಿ ಕೂತಂಗೆ! ಅಕ್ಕಪಕ್ಕದ ಎರಡು ಥೈಮಿನ್‌ಗಳು ಒಂದಕ್ಕೊಂದು ಅಂಟಿಕೊಳ್ತವೆ, ಡಿಎನ್‌ಎ ನಕಲಾಗೋದು ನಿಲ್ಲುತ್ತೆ. ಏಕಕೋಶ ಪಾಚಿ ಆಗಲಿ, ಬ್ಯಾಕ್ಟೀರಿಯಾ ಆಗಲಿ, ಮರಿ ಹಾಕೋಕಾಗದೆ ಸಾಯುತ್ತೆ.

ಇದು ಇವತ್ತಿನ ರೀಲ್ಸ್‌ ಕಂಡುಹಿಡಿದ ವಿಷಯ ಅಲ್ಲ. ಬಿಸಿಲು ಬ್ಯಾಕ್ಟೀರಿಯಾನ ತಡೆಯುತ್ತೆ ಅಂತ ಇಂಗ್ಲೆಂಡಿನಲ್ಲಿ ಡೌನ್ಸ್ ಮತ್ತು ಬ್ಲಂಟ್ ತೋರಿಸಿದ್ದು 1877ರಲ್ಲಿ. ಬೆಳಕಿನಿಂದ ಚರ್ಮದ ಕ್ಷಯಕ್ಕೆ ಚಿಕಿತ್ಸೆ ಕೊಟ್ಟ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. 1910ರಲ್ಲಿ ಫ್ರಾನ್ಸಿನ ಮಾರ್ಸೇ ಪಟ್ಟಣದಲ್ಲಿ ಕುಡಿಯೋ ನೀರಿಗೆ ಯುವಿ ಹಾಕಿ ನೋಡಿದ್ರು. ಅಂದ್ರೆ ನೂರು ವರ್ಷ ದಾಟಿದ ವಿದ್ಯೆ.

ಕೊಳದಲ್ಲಿ ಪಂಪು ನೀರನ್ನ ಎತ್ತಿ ದೀಪದ ಕೊಳವೆ ಮೂಲಕ ಹಾಯಿಸುತ್ತೆ. ನೀರಲ್ಲಿ ತೇಲ್ತಿರೋ ಕ್ಲೋರೆಲ್ಲಾ ಥರದ ಹಸಿರು ಕಣಗಳು ಏಟು ತಿಂದು, ಒಂದಕ್ಕೊಂದು ಅಂಟಿ, ಗಂಟಾಗ್ತವೆ. ಕೆಲವು ದಿನ, ಹೆಚ್ಚಂದ್ರೆ ಒಂದೆರಡು ವಾರದಲ್ಲಿ ತಳ ಕಾಣುತ್ತೆ. ರೀಲ್‌ನಲ್ಲಿ ತೋರಿಸೋ “ಮುಂಚೆ” ಮತ್ತು “ಆಮೇಲೆ” ಸುಳ್ಳಲ್ಲ.

ಸುಳ್ಳಲ್ಲ, ಆದ್ರೆ ಅರ್ಧ ಕಥೆ. ಇಂಟರ್ವಲ್‌ಗೇ ಎದ್ದು ಬಂದೋರು ಸಿನಿಮಾ ಸೂಪರ್ ಅಂದಂಗೆ.

ಭಾಗ 3/10: ದೀಪ ಮುಟ್ಟದೇ ಬಿಡೋದು ಏನೇನು

ಲಿಸ್ಟ್ ಮಾಡೋಣ. ಸೇವ್ ಮಾಡ್ಕೊಳ್ಳಿ, ಚಂದಾ ಕೇಳೋಕೆ ಬಂದಾಗ ತೋರಿಸಿ.

ಒಂದು. ದೀಪ ಕೊಲ್ಲೋದು ತನ್ನ ಮುಂದೆ ಹಾದುಹೋದದ್ದನ್ನ ಮಾತ್ರ. ಗೋಡೆಗೆ, ಕಲ್ಲಿಗೆ ಅಂಟಿರೋ ನೂಲಿನಂಥ ಪಾಚಿ, ಅಂದ್ರೆ ಲ್ಯಾಬ್‌ನಲ್ಲಿ ಸ್ಲೈಡ್ ಮಾಡ್ತೀವಲ್ಲ ಸ್ಪೈರೋಗೈರಾ, ಅಂಥವು ಪಂಪಿನೊಳಗೆ ಬರಲ್ಲ. ಅವುಗಳಿಗೆ ದೀಪ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಇನ್ನೂ ಮಜಾ ಏನು ಗೊತ್ತಾ? ನೀರು ತಿಳಿಯಾದ ಮೇಲೆ ಬಿಸಿಲು ತಳದವರೆಗೂ ಇಳಿಯುತ್ತೆ. ಗೊಬ್ಬರ ಹೇಗೂ ಇದೆ. ತೇಲೋ ಪಾಚಿ ಖಾಲಿ ಮಾಡಿದ ಜಾಗಕ್ಕೆ ನೂಲುಪಾಚಿ ಕೂದಲು ಬಿಟ್ಕೊಂಡು ಬರುತ್ತೆ.

ಎರಡು. ಅಮೋನಿಯಾ, ನೈಟ್ರೇಟ್, ಫಾಸ್ಫೇಟ್. ಇವಕ್ಕೆ ಡಿಎನ್‌ಎ ಇಲ್ಲ. ಆದ್ದರಿಂದ ಈ ದೀಪಕ್ಕೂ ಅವಕ್ಕೂ ಸಂಬಂಧ ಇಲ್ಲ.

ಮೂರು. ತಳದ ರಾಡಿ. ಕೊಳೆತ ಎಲೆ, ತಿನ್ನದೆ ಉಳಿದ ಮೀನಿನ ಆಹಾರ, ಮೀನಿನ ಹೇಲು. ದೀಪ ಅದನ್ನ ಒಂದು ಚಮಚದಷ್ಟೂ ಎತ್ತಿ ಹಾಕಲ್ಲ.

ನಾಲ್ಕು. ಸೊಳ್ಳೆ ಮರಿ. ನೀರಿನ ಮೇಲ್ಮೈಯಲ್ಲಿ ತಲೆಕೆಳಗಾಗಿ ನೇತಾಡೋ ಅವು ದೀಪದ ಕೊಳವೆಗೆ ಹೋಗಿ ಸಾಯ್ತವೆ ಅಂತ ಕಾಯ್ತಾ ಕೂರಬೇಡಿ. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಡ್ರಮ್ಮು, ತೊಟ್ಟಿಯ ತಿಳಿನೀರೇ ಸಾಕು ಅಂತ ಆಶಾ ಅಕ್ಕಂದಿರು ಮನೆಮನೆಗೆ ಬಂದು ಹೇಳ್ತಾರಲ್ಲ, ಕೇಳಿಲ್ವಾ?

ದೀಪದ ಮೇಲಿರೋ ಒಂದು ತಪ್ಪು ಆರೋಪವನ್ನೂ ಇಲ್ಲೇ ತೆಗೆದುಬಿಡ್ತೀನಿ. “ಯುವಿ ಹಾಕಿದ್ರೆ ಒಳ್ಳೇ ಬ್ಯಾಕ್ಟೀರಿಯಾ ಎಲ್ಲಾ ಸತ್ತೋಗುತ್ತೆ” ಅಂತಾರೆ. ಅಮೋನಿಯಾನ ಜೀರ್ಣಿಸೋ ಬ್ಯಾಕ್ಟೀರಿಯಾ ಹೆಚ್ಚಾಗಿ ಕಲ್ಲು, ಜಲ್ಲಿ, ಗೋಡೆ, ಬೇರಿಗೆ ಅಂಟಿಕೊಂಡು ಬದುಕ್ತವೆ. ನೀರಲ್ಲಿ ತೇಲಿ ದೀಪದ ಮುಂದೆ ಬರೋದು ಕಡಿಮೆ. ಆ ಭಯ ಬೇಡ. ನನ್ನ ತಕರಾರಿಗೆ ಸುಳ್ಳಿನ ಸಹಾಯ ಬೇಕಾಗಿಲ್ಲ.

ಭಾಗ 4/10: ಹಾಗಾದ್ರೆ ಹಸಿರು ಬಂದಿದ್ದು ಎಲ್ಲಿಂದ?

ಕೆನಡಾದ ಒಂಟಾರಿಯೋದಲ್ಲಿ ಪ್ರಯೋಗಕ್ಕಂತಲೇ ಮೀಸಲಿಟ್ಟ ಕೆರೆಗಳಿವೆ. ಅದರಲ್ಲಿ 226ನೇ ನಂಬರಿನ ಕೆರೆ ಡಮರುಗದ ಆಕಾರದ್ದು. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ಡಮರುಗದ ನಡುಸೊಂಟಕ್ಕೆ ಒಂದು ಪರದೆ ಕಟ್ಟಿ ಕೆರೆಯನ್ನ ಎರಡು ಭಾಗ ಮಾಡಿದ್ರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದ್ರು. ಇನ್ನೊಂದು ಕಡೆ ಇಂಗಾಲ, ಸಾರಜನಕದ ಜೊತೆ ರಂಜಕ, ಅಂದ್ರೆ ಫಾಸ್ಫರಸ್ ಕೂಡ ಹಾಕಿದ್ರು. ರಂಜಕ ಬಿದ್ದ ಕಡೆ ಕೆರೆ ಹಸಿರಾಗಿಹೋಯ್ತು, ಇನ್ನೊಂದು ಕಡೆ ಮೊದಲಿನಂತೆಯೇ ಇತ್ತು. ವಿಮಾನದಿಂದ ತೆಗೆದ ಆ ಫೋಟೋನ ಪರಿಸರ ವಿಜ್ಞಾನದ ಪಾಠಗಳಲ್ಲಿ ಇವತ್ತಿಗೂ ತೋರಿಸ್ತಾರೆ. ನೀರೂ ಅದೇ, ಬಿಸಿಲೂ ಅದೇ. ವ್ಯತ್ಯಾಸ ಮಾಡಿದ್ದು ಒಳಗೆ ಬಿದ್ದದ್ದು.

ಈಗ ನಮ್ಮ ಕೊಳಕ್ಕೆ ಬನ್ನಿ. ಒಳಗೆ ಏನೇನು ಬೀಳ್ತಿದೆ?

ಲಾನಿಗೆ ಹಾಕೋ ಡಿಎಪಿ. ನೂರು ಕೆಜಿ ಡಿಎಪಿಯಲ್ಲಿ 18 ಕೆಜಿ ಸಾರಜನಕ, ರಂಜಕದ ಆಕ್ಸೈಡ್ (P2O5) ಲೆಕ್ಕದಲ್ಲಿ 46 ಕೆಜಿ ಅಂತ ಚೀಲದ ಮೇಲೇ ಬರೆದಿರುತ್ತೆ. ಕೊಳ ಲಾನಿನ ಇಳಿಜಾರಿನಲ್ಲಿದೆ. ಒಂದು ಮಳೆ ಬಂದ್ರೆ ಗೊಬ್ಬರ ಕರಗಿ ನೇರ ಕೊಳಕ್ಕೆ. ಇದರಲ್ಲಿ ಮಾಲಿ ಅಣ್ಣನ ತಪ್ಪಿಲ್ಲ, ಲಾನು ಹಸಿರಾಗಿರಬೇಕು ಅಂತ ಅವರಿಗೆ ಹೇಳಿದವರು ಬೇರೆ. ಲಾನು ಹಸಿರಾಗ್ಬೇಕು, ಕೊಳ ಹಸಿರಾಗ್ಬಾರ್ದು. ಗೊಬ್ಬರಕ್ಕೆ ಈ ಸರ್ಕ್ಯುಲರ್ ತಲುಪಿಲ್ಲ ಅಷ್ಟೇ.

ಮೇಲಿರೋ ಹೊಂಗೆ ಮರದ ಎಲೆ. ಬಿದ್ದು, ಕೊಳೆತು, ಮತ್ತೆ ಗೊಬ್ಬರ.

ಬ್ರೇಕ್‌ನಲ್ಲಿ ನಾವು ಎಸೆಯೋ ಪುರಿ, ಬನ್ನು, ಬಿಸ್ಕತ್ತು. ಜೊತೆಗೆ ಮೀನಿನ ಆಹಾರ ಬೇರೆ. ಒಂದು ಲೆಕ್ಕ ನೋಡಿ. ಆಹಾರದಲ್ಲಿ ನೂರಕ್ಕೆ 35 ಪ್ರೋಟೀನು ಇದೆ ಅಂದ್ಕೊಳ್ಳಿ. ಪ್ರೋಟೀನಿನಲ್ಲಿ ನೂರಕ್ಕೆ 16ರಷ್ಟು ಸಾರಜನಕ. ಒಂದು ಕೆಜಿ ಆಹಾರ ಹಾಕಿದ್ರೆ 56 ಗ್ರಾಂ ಸಾರಜನಕ ಕೊಳಕ್ಕೆ ಹಾಕಿದಂಗೆ. ಅದರಲ್ಲಿ ಮೀನಿನ ಮೈಗೆ ಸೇರೋದು ಸಣ್ಣ ಪಾಲು, ಉಳಿದದ್ದೆಲ್ಲ ನೀರಿಗೆ.

ಕೊನೆಯದು, ಹೇಳಿದ್ರೆ ಬೈಸಿಕೊಳ್ಳೋದು: ಮೀನುಗಳ ಸಂಖ್ಯೆ. ಪ್ರತಿ ಬ್ಯಾಚೂ ಫೇರ್‌ವೆಲ್ ದಿನ ಒಂದು ಕವರ್ ಗೋಲ್ಡ್‌ಫಿಶ್ ತಂದು ಬಿಡೋ ಸಂಪ್ರದಾಯ ಇದೆಯಲ್ಲ. ಭಾವನೆ ಅರ್ಥ ಆಗುತ್ತೆ. ಆದ್ರೆ 3,600 ಲೀಟರ್ ಕೊಳ ನಮ್ಮ ನೆನಪುಗಳ ಗೋಡೌನ್ ಅಲ್ಲ.

ಭಾಗ 5/10: ಹಸಿರು ನೀರನ್ನ ದುಡ್ಡು ಕೊಟ್ಟು ಮಾಡೋರಿದ್ದಾರೆ

ಹಸಿರು ಕಂಡ ತಕ್ಷಣ “ಛೀ, ಗಲೀಜು” ಅಂತೀವಿ. ಹಳ್ಳಿ ಕಡೆ ಮೀನು ಸಾಕೋ ರೈತನ್ನ ಕೇಳಿ ನೋಡಿ.

ಕಾಟ್ಲಾ, ರೋಹು, ಮೃಗಾಲ್ ಸಾಕೋ ಹೊಂಡಕ್ಕೆ ಮರಿ ಬಿಡೋ ಮುಂಚೆ ಅವರು ಬೇಕಂತಲೇ ಸಗಣಿ ಗೊಬ್ಬರ ಹಾಕ್ತಾರೆ. ಯಾಕೆ? ನೀರು ಹಸಿರಾಗ್ಲಿ ಅಂತ. ಹಸಿರು ಅಂದ್ರೆ ಸಸ್ಯ ಪ್ಲವಕ, ಅದನ್ನ ತಿಂದು ಪ್ರಾಣಿ ಪ್ಲವಕ, ಅದನ್ನ ತಿಂದು ಮೀನು. ನೀರು ಗಾಜಿನಂತಿದ್ರೆ ಆ ರೈತನಿಗೆ ತಲೆಬಿಸಿ, ಮೀನಿಗೆ ಊಟ ಇಲ್ಲ ಅಂತ. ಎಷ್ಟು ಹಸಿರು ಸಾಕು ಅಂತ ನೋಡೋಕೆ ಮೊಣಕೈವರೆಗೂ ಕೈಯನ್ನ ನೀರಿಗೆ ಇಳಿಸ್ತಾರೆ. ಅಂಗೈ ಮಸುಕಾಗಿ ಕಾಣ್ತಿದ್ರೆ ಸರಿ. ಮೊಣಕೈ ತಲುಪೋ ಮುಂಚೆಯೇ ಅಂಗೈ ಮಾಯವಾದ್ರೆ ಹಸಿರು ಜಾಸ್ತಿ ಆಯ್ತು, ಗೊಬ್ಬರ ನಿಲ್ಲಿಸು. ಇದನ್ನೇ ಲ್ಯಾಬಿನವರು ಕಪ್ಪುಬಿಳಿ ಬಿಲ್ಲೆ ಇಳಿಸಿ ಅಳೀತಾರೆ. 1865ರಲ್ಲಿ ಇಟಲಿಯ ಆ್ಯಂಜೆಲೋ ಸೆಕ್ಕಿ ಶುರು ಮಾಡಿದ ವಿಧಾನ, ಅದಕ್ಕೇ ಸೆಕ್ಕಿ ಬಿಲ್ಲೆ ಅಂತ ಹೆಸರು. ಕೈ ಆದ್ರೂ ಸೈ, ಬಿಲ್ಲೆ ಆದ್ರೂ ಸೈ. ಇಬ್ಬರೂ ಕೇಳೋ ಪ್ರಶ್ನೆ “ಎಷ್ಟು?” ಅಂತ. ನಾವು ಕೇಳ್ತಿರೋದು “ಹೇಗೆ ಕೊಲ್ಲೋದು?” ಅಂತ.

ಹಾಗಂತ ನಮ್ಮ ಕೊಳದ ಈಗಿನ ಹಸಿರು ಒಳ್ಳೇದು ಅಂತ ನಾನು ವಾದಿಸಲ್ಲ. ದಟ್ಟ ಹಸಿರು ಅಪಾಯವೇ. ಹಗಲು ಪಾಚಿ ಆಕ್ಸಿಜನ್ ಕೊಡುತ್ತೆ, ರಾತ್ರಿ ಅದೇ ಪಾಚಿ ಆಕ್ಸಿಜನ್ ತಗೊಳ್ಳುತ್ತೆ. ಬೆಳಗಿನ ಜಾವ ಅತಿ ಕಡಿಮೆ. ಹಾಸ್ಟೆಲ್‌ನೋರು ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ಮೀನು ಮೇಲ್ಗಡೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಅದು ನಿಮಗೆ ಗುಡ್ ಮಾರ್ನಿಂಗ್ ಹೇಳ್ತಿಲ್ಲ. ಉಸಿರಿಗೆ ಒದ್ದಾಡ್ತಿದೆ.

ಅಂದ್ರೆ ಹಸಿರು ಒಂದು ಸುದ್ದಿ. ಒಳಗೆ ಗೊಬ್ಬರ ಜಾಸ್ತಿಯಾಗಿದೆ ಅಂತ ಕೊಳ ನಮಗೆ ಹೇಳ್ತಿರೋ ಸುದ್ದಿ. ಸುದ್ದಿ ತಂದೋನ ಬಾಯಿ ಮುಚ್ಚಿಸೋದಕ್ಕೆ ಚಂದಾನಾ?

ಭಾಗ 6/10: ತಿಳಿಯಾಗಿದ್ದೂ ವಿಷ

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಅಜ್ಜಿ ಹೇಳ್ತಿದ್ರು. ತಿಳಿಯಾಗಿರೋದೆಲ್ಲ ಒಳ್ಳೇ ನೀರಲ್ಲ ಅಂತ ನಾವು ಸೇರಿಸಿಕೊಳ್ಳೋಣ.

ಪಾವಗಡ ಕಡೆಯೋರು ಈ ಪೇಜ್‌ನಲ್ಲಿದ್ದೀರಾ? ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಬೋರ್‌ವೆಲ್ ನೀರು ಲೋಟದಲ್ಲಿ ಹಿಡಿದ್ರೆ ಕನ್ನಡಿ ಥರ ಇರುತ್ತೆ. ಅದರೊಳಗಿನ ಫ್ಲೋರೈಡ್ ಹಲ್ಲಿಗೆ ಕಂದು ಕಲೆ ಬರಿಸಿ, ವರ್ಷಗಟ್ಟಲೆ ಕುಡಿದೋರ ಮೂಳೆ ಬಗ್ಗಿಸಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋ ಮಿತಿ ಕಣ್ಣಿಗೆ ಕಾಣೋದಿಲ್ಲ, ನಾಲಿಗೆಗೆ ತಿಳಿಯೋದಿಲ್ಲ. ಆ ನೀರಿಗೆ ಎಷ್ಟು ಯುವಿ ಹಾಕಿದ್ರೂ ಫ್ಲೋರೈಡ್ ಹಾಗೇ ಇರುತ್ತೆ.

ಕೊಳದಲ್ಲಿ ಆ ಜಾಗದಲ್ಲಿ ಕೂತಿರೋದು ಅಮೋನಿಯಾ. ಮೀನು ಅದನ್ನ ಮುಖ್ಯವಾಗಿ ಕಿವಿರಿನ ಮೂಲಕವೇ ಹೊರಗೆ ಬಿಡುತ್ತೆ. ಬಣ್ಣ ಇಲ್ಲ. ನೀರಲ್ಲಿ ಅದು ಎರಡು ರೂಪದಲ್ಲಿರುತ್ತೆ. ಒಂದು ಅಷ್ಟೇನೂ ತೊಂದರೆ ಕೊಡದ ಅಮೋನಿಯಂ, ಇನ್ನೊಂದು ಮೀನಿನ ಕಿವಿರು ಸುಡೋ ಅಮೋನಿಯಾ. 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ವಿಷದ ರೂಪ ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 9ಕ್ಕೆ ಏರಿದ್ರೆ ಅದೇ ಮೂರನೇ ಒಂದು ಪಾಲು ದಾಟುತ್ತೆ. ನೀರು ಬಿಸಿಯಾದಷ್ಟೂ ಇನ್ನೂ ಜಾಸ್ತಿ.

ಈಗ ಯೋಚಿಸಿ. ಪಾಚಿ ಬೆಳೆಯೋಕೆ ಆ ಅಮೋನಿಯಾನೇ ತಿಂತಿತ್ತು. ನಮ್ಮ ಕೊಳದಲ್ಲಿ ಫಿಲ್ಟರ್ ಇಲ್ಲ, ಗಿಡ ಇಲ್ಲ. ಆ ಕೆಲಸ ಮಾಡ್ತಿದ್ದಿದ್ದು ಮುಖ್ಯವಾಗಿ ಈ ಹಸಿರು ಪಾಚಿ. ಅದನ್ನ ಒಂದೇ ವಾರದಲ್ಲಿ ಕೊಂದು, ಮೀನಿಗೆ ಮಾತ್ರ ದಿನಾ ಊಟ ಹಾಕ್ತಾ ಹೋದ್ರೆ ಅಮೋನಿಯಾ ಎಲ್ಲಿಗೆ ಹೋಗ್ಬೇಕು?

ನೀರು ಗಾಜಿನಂತೆ ಇರುತ್ತೆ. ಮೀನು ಸಾಯೋದೂ ಚೆನ್ನಾಗಿ ಕಾಣುತ್ತೆ.

ಭಾಗ 7/10: ಸತ್ತ ಪಾಚಿಯ ಹೆಣ ಹೊರೋರು ಯಾರು?

ದೀಪ ಪಾಚಿಯನ್ನ ಕೊಲ್ಲುತ್ತೆ, ಮಾಯ ಮಾಡಲ್ಲ. ಗಂಟಾದ ಹೆಣಗಳನ್ನ ಹಿಡಿಯೋಕೆ ಸ್ಪಂಜೋ, ಬ್ರಷ್ಷೋ, ಜಲ್ಲಿಯೋ ಇರೋ ಫಿಲ್ಟರ್ ಬೇಕು. ಆ ಫಿಲ್ಟರನ್ನ ವಾರವಾರ ಯಾರಾದ್ರೂ ತೊಳೀಬೇಕು. ಇಲ್ಲದಿದ್ರೆ ಸತ್ತ ಪಾಚಿ ತಳಕ್ಕೆ ಕೂತು ಕೊಳೆಯುತ್ತೆ. ಕೊಳೆಯುವಾಗ ಆಕ್ಸಿಜನ್ ತಿನ್ನುತ್ತೆ, ತನ್ನೊಳಗಿನ ಸಾರಜನಕ, ರಂಜಕನ ಮತ್ತೆ ನೀರಿಗೇ ಬಿಡುತ್ತೆ. ಮತ್ತೆ ಹೊಸ ಪಾಚಿಗೆ ಊಟ. ಮತ್ತೆ ದೀಪಕ್ಕೆ ಕೆಲಸ. ಚಕ್ರ ಪೂರ್ತಿ, ಬಿಲ್ಲು ನಮ್ಮದು.

ನಿಮ್ಮ ಅಡುಗೆಮನೆಯಲ್ಲಿ ನೀರಿನ ಫಿಲ್ಟರ್ ಇದ್ರೆ ಮುಚ್ಚಳ ತೆಗೆಸಿದಾಗ ಒಂದ್ಸಲ ನೋಡಿ. ಯುವಿ ಒಂಟಿಯಾಗಿ ಕೂತಿರಲ್ಲ. ಮೊದಲು ಮಣ್ಣು, ಕಸ ಹಿಡಿಯೋ ಕ್ಯಾಂಡಲ್, ಆಮೇಲೆ ಇದ್ದಿಲು. ಎಲ್ಲಾ ಮುಗಿದ ಮೇಲೆ ಯುವಿ. ಯಾಕಂದ್ರೆ ನೀರು ಕದಡಿದ್ರೆ ಬೆಳಕು ಒಳಗೆ ಹೋಗಲ್ಲ, ಒಂದು ಕಣದ ನೆರಳಲ್ಲಿ ಇನ್ನೊಂದು ಬಚಾವಾಗುತ್ತೆ. ಮನೆಯ ಎರಡು ಲೋಟ ನೀರಿಗೆ ಅಷ್ಟು ಸೈನ್ಯ ಇಟ್ಟಿರೋ ನಾವು, 3,600 ಲೀಟರ್ ಕೊಳಕ್ಕೆ ಒಂದು ದೀಪನ ಒಂಟಿಯಾಗಿ ಕಳಿಸ್ತೀವಿ ಅಂದ್ರೆ ಏನು ಹೇಳೋದು.

“ಫಿಲ್ಟರೂ ಸೇರಿಸಿ ತರೋಣ” ಅಂತ ಯಾರೋ ಗ್ರೂಪಲ್ಲಿ ಬರೆದಿದ್ದಾರೆ. ಬಹಳ ಒಳ್ಳೇ ಮಾತು. ಆದ್ರೆ ನನ್ನ ಮರುಪ್ರಶ್ನೆ: ಫಿಲ್ಟರ್ ತಂದು, ಆಹಾರ ಕಡಿಮೆ ಮಾಡಿ, ಗಿಡ ಹಾಕಿದ ಮೇಲೂ ದೀಪ ಬೇಕಾಗುತ್ತಾ? ಅದನ್ನ ನೋಡಿ ಆಮೇಲೆ ತರಬಹುದಲ್ವಾ? ದೀಪ ಅಂಗಡಿಯಿಂದ ಓಡಿಹೋಗಲ್ಲ.

ಭಾಗ 8/10: ಮೂಗಿಗಿಂತ ಮೂಗುತಿ ಭಾರ

ಬೆಲೆ ಅಂದ್ರೆ ಅಂಗಡಿ ಬಿಲ್ ಮಾತ್ರ ಅಲ್ಲ. ಕ್ಯಾಲ್ಕುಲೇಟರ್ ತೆಗೀರಿ.

18 ವಾಟ್ ದೀಪ ಅಂದ್ಕೊಳ್ಳಿ. 24 ಗಂಟೆಯೂ ಉರೀಬೇಕು, ಆಗಾಗ ಆರಿಸಿದ್ರೆ ಪಾಚಿ ಮತ್ತೆ ತಲೆ ಎತ್ತುತ್ತೆ. ವರ್ಷಕ್ಕೆ ಸುಮಾರು 158 ಯೂನಿಟ್. ಜೊತೆಗೆ 40 ವಾಟ್ ಪಂಪು, ಅದಕ್ಕೆ ಸುಮಾರು 350. ಎರಡೂ ಸೇರಿ 500 ಯೂನಿಟ್ ದಾಟುತ್ತೆ. ಪಂಪಿನ ಖರ್ಚು ಫಿಲ್ಟರ್‌ಗೂ ಬೇಕು, ಒಪ್ತೀನಿ. ದೀಪದ್ದು ಪೂರ್ತಿ ಹೆಚ್ಚುವರಿ.

ಬಲ್ಬಿನ ಆಯುಸ್ಸು ಸಾಮಾನ್ಯವಾಗಿ 8,000ದಿಂದ 9,000 ಗಂಟೆ. ವರ್ಷಕ್ಕೆ ಇರೋದೇ 8,760 ಗಂಟೆ. ಅಂದ್ರೆ ವರ್ಷಕ್ಕೊಂದು ಬಲ್ಬು. ಮೋಸ ಏನಂದ್ರೆ ಆಯುಸ್ಸು ಮುಗಿದ ಮೇಲೂ ಅದು ನೀಲಿಯಾಗಿ ಉರೀತಾನೇ ಇರುತ್ತೆ. ಕಣ್ಣಿಗೆ ಕಾಣೋ ನೀಲಿ ಇದೆ, ಕೆಲಸ ಮಾಡೋ ಯುವಿ-ಸಿ ಬತ್ತಿಹೋಗಿದೆ. ನಾವು ಡಿಗ್ರಿ ಮುಗಿಸಿ ಹೋದ ಮೇಲೆ ಯಾರು ಬದಲಾಯಿಸ್ತಾರೆ? ಕಾಲೇಜಿನಲ್ಲಿ ಕೆಟ್ಟು ನಿಂತ ವಾಟರ್ ಕೂಲರ್ ನೋಡಿದೋರು ಉತ್ತರ ಹೇಳಿ.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತಲ್ಲ, ದೀಪದ ಸುತ್ತ ಇರೋ ಕ್ವಾರ್ಟ್ಜ್ ಕೊಳವೆ ಮೇಲೂ ಹಾಗೇ ಕಟ್ಟುತ್ತೆ. ಸಾಮಾನ್ಯ ಗಾಜು ಯುವಿ-ಸಿ ಬಿಡಲ್ಲ ಅಂತಲೇ ಕ್ವಾರ್ಟ್ಜ್ ಹಾಕಿರ್ತಾರೆ. ಅದರ ಮೇಲೆ ಸುಣ್ಣದ ಪೊರೆ ಕೂತ್ರೆ ಅಷ್ಟೇ ಕಥೆ. ಬಿಚ್ಚಿ ತೊಳೀತಾನೇ ಇರಬೇಕು.

ಬಿಚ್ಚೋದು ಅಂದ ತಕ್ಷಣ ಸುರಕ್ಷತೆ ಮಾತು. ಉರೀತಿರೋ ಯುವಿ-ಸಿ ದೀಪನ ಬರಿಗಣ್ಣಲ್ಲಿ ನೋಡ್ಬಾರ್ದು. ವೆಲ್ಡಿಂಗ್ ಬೆಳಕು ನೋಡಿದೋರಿಗೆ ರಾತ್ರಿ ಕಣ್ಣಲ್ಲಿ ಮರಳು ತುಂಬಿದಂಗೆ ಆಗುತ್ತಲ್ಲ, ಅದೇ ಪೆಟ್ಟು. ಚರ್ಮಕ್ಕೂ ಒಳ್ಳೇದಲ್ಲ. ಪ್ಲಗ್ ಕಿತ್ತ ಮೇಲೇ ಕೈ ಹಾಕ್ಬೇಕು. ನೀರಿನ ಪಕ್ಕ ಕರೆಂಟು, ಆರ್‌ಸಿಸಿಬಿ ಇಲ್ಲದೆ ವೈರ್ ಎಳೆಯೋ ಮಾತೇ ಬೇಡ. ಒಡೆದ ಬಲ್ಬಿನಲ್ಲಿ ಪಾದರಸ ಇರುತ್ತೆ, ಕಸದಬುಟ್ಟಿಗೆ ಹಾಕೋ ಹಾಗಿಲ್ಲ, ಇ-ತ್ಯಾಜ್ಯಕ್ಕೇ ಹೋಗಬೇಕು.

ಇಷ್ಟೆಲ್ಲ ಯಾವುದಕ್ಕೆ? ಪುರಿ ಎಸೆಯೋದು ನಿಲ್ಲಿಸೋಕೆ ನಮಗೆ ಆಗಲ್ಲ ಅನ್ನೋದಕ್ಕೆ.

ಭಾಗ 9/10: “ಹಾಗಾದ್ರೆ ಯುವಿ ದಂಡನಾ?” ಅಂತ ಕೇಳೋರಿಗೆ

ದಂಡ ಅಲ್ಲ. ಎಲ್ಲಿ ಸರಿ ಅಂತ ಹೇಳ್ತೀನಿ.

ಕುಡಿಯೋ ನೀರಿನಲ್ಲಿ ಸರಿ. ಅಲ್ಲಿ ಶತ್ರು ಕಣ್ಣಿಗೆ ಕಾಣದ ರೋಗಾಣು. ಮೀನಿನ ಮರಿ ಮಾಡೋ ಹ್ಯಾಚರಿಗಳಲ್ಲಿ ಸರಿ, ಅಲ್ಲಿ ಒಂದು ರೋಗ ಬಂದ್ರೆ ಸಾವಿರಾರು ಮರಿ ಹೋಗ್ತವೆ. ದೊಡ್ಡ ಫಿಲ್ಟರ್ ಇಟ್ಟು, ನೀರು ಪರೀಕ್ಷೆ ಮಾಡ್ತಾ, ಕೋಯ್ ಮೀನು ಸಾಕೋರ ಕೊಳದಲ್ಲೂ ಸರಿ. ಅವರು ಉಳಿದ ಕೆಲಸ ಎಲ್ಲಾ ಮುಗಿಸಿ ಕೊನೆಯಲ್ಲಿ ದೀಪ ಹಾಕಿರ್ತಾರೆ. ಅಂಥವರ ಜೊತೆ ನನ್ನ ಜಗಳ ಇಲ್ಲ.

ನನ್ನ ಜಗಳ ಇರೋದು ಒಂದು ಮನೋಭಾವದ ಜೊತೆ. ಈ ಆ್ಯಪ್‌ನಲ್ಲಿ ನಾವೆಲ್ಲ ಫೋಟೋ ಹಾಕೋರೇ, ಅದಕ್ಕೇ ಇಲ್ಲೇ ಬರೀತಿದ್ದೀನಿ. ಕ್ಯಾಮೆರಾಗೆ ತಿಳಿನೀರು ಇಷ್ಟ. ಕ್ಯಾಮೆರಾಗೆ ಅಮೋನಿಯಾ ಕಾಣಲ್ಲ, ಆಕ್ಸಿಜನ್ ಕಾಣಲ್ಲ, ಬೆಳಗಿನ ಜಾವದ ಒದ್ದಾಟ ಕಾಣಲ್ಲ. ಫೋಟೋದಲ್ಲಿ ಚೆನ್ನಾಗಿ ಕಂಡ್ರೆ ಆರೋಗ್ಯವಾಗಿದೆ ಅನ್ನೋ ಲೆಕ್ಕ ನಾವು ಮುಖಕ್ಕೆ ಹಾಕ್ಕೊಂಡಿದ್ದು ಸಾಲದೆ ಈಗ ಕೊಳಕ್ಕೂ ಹಾಕ್ತಿದ್ದೀವಿ. ಫಿಲ್ಟರ್ ಅನ್ನೋ ಪದಕ್ಕೆ ನಮ್ಮ ಪೀಳಿಗೆಯಲ್ಲಿ ಅರ್ಥವೇ ಬದಲಾಗಿಹೋಗಿದೆ, ಅದೇ ಸಮಸ್ಯೆ.

ಕೊಳ ಚಿಕ್ಕದು, ಬಿಡು ಅಂತೀರಾ? ಬೆಂಗಳೂರಿನ ಬೆಳ್ಳಂದೂರು ಕೆರೆ ನೆನಪು ಮಾಡ್ಕೊಳ್ಳಿ. ಊರಿನ ಕೊಳಚೆ, ಸೋಪಿನ ನೀರು ಎಲ್ಲಾ ಅದಕ್ಕೇ ಹರಿದು ನೊರೆ ರಸ್ತೆಗೆ ಬಂತು. 2015ರಲ್ಲಿ, ಮತ್ತೆ 2017ರಲ್ಲಿ ಕೆರೆ ಮೇಲೆ ಬೆಂಕಿಯನ್ನೂ ನೋಡಿದ್ವಿ. ಆಗ ನೊರೆ ಆಚೆ ಬರದಂತೆ ಬಲೆ ಕಟ್ಟಿದ್ರು. ನೊರೆಗೆ ಬಲೆ, ಹಸಿರಿಗೆ ದೀಪ. ಬುದ್ಧಿ ಒಂದೇ. ಕಣ್ಣಿಗೆ ಬಿದ್ದದ್ದನ್ನ ಮರೆಮಾಡು, ಒಳಗೆ ಹರಿದುಬರೋದನ್ನ ಕೇಳಬೇಡ.

ಮೂರು ಮೀಟರ್ ಕೊಳದಲ್ಲಿ “ಒಳಗೆ ಏನು ಬೀಳ್ತಿದೆ?” ಅಂತ ಕೇಳೋಕೆ ಕಲೀದೇ ಇದ್ರೆ, ನಾಳೆ ನಮ್ಮೂರ ಕೆರೆ ಮುಂದೆ ನಿಂತು ಏನು ಕೇಳ್ತೀವಿ? ಜೀವಶಾಸ್ತ್ರ ಓದ್ತಿರೋ ನಾವೇ ಕೇಳದಿದ್ರೆ ಇನ್ಯಾರು ಕೇಳ್ಬೇಕು?

ಭಾಗ 10/10: ಅದೇ ದುಡ್ಡಲ್ಲಿ ಏನು ಮಾಡೋಣ

ಬೇಡ ಅನ್ನೋದು ಸುಲಭ. ಆದ್ದರಿಂದ ಏನು ಬೇಕು ಅಂತ ಬರೀತೀನಿ. ಮೂರು ತಿಂಗಳ ಪ್ಲ್ಯಾನ್.

ಮೊದಲು ಅಳೆಯೋಣ. ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ಅಮೋನಿಯಾ, ನೈಟ್ರೈಟ್, ಪಿಎಚ್ ಕಿಟ್ ಒಂದು ತರೋಣ. ವಾರಕ್ಕೊಂದು ದಿನ ಬೆಳಿಗ್ಗೆ, ಮಧ್ಯಾಹ್ನ ಅಳೆದು ನೋಟಿಸ್ ಬೋರ್ಡಿಗೆ ಹಾಕೋಣ. ಜೊತೆಗೆ ತಗಡಿನ ಬಿಲ್ಲೆಗೆ ಕಪ್ಪುಬಿಳಿ ಬಣ್ಣ ಬಳಿದು ನಮ್ಮದೇ ಸೆಕ್ಕಿ ಬಿಲ್ಲೆ. ಪ್ರಾಜೆಕ್ಟ್ ಟಾಪಿಕ್ ಹುಡುಕ್ತಿರೋ ಫೈನಲ್ ಇಯರ್‌ನೋರೇ, ಇಲ್ಲಿ ಪುಕ್ಕಟೆ ಸಿಕ್ತು ನೋಡಿ.

ಆಮೇಲೆ ಒಳಗೆ ಬೀಳೋದನ್ನ ತಡೆಯೋಣ. ಪುರಿ, ಬನ್ನು ಪೂರ್ತಿ ಬಂದ್. ಮೀನಿನ ಆಹಾರ ದಿನಕ್ಕೆ ಒಂದು ಸಲ, ಎರಡು ಮೂರು ನಿಮಿಷದಲ್ಲಿ ಅವು ತಿಂದು ಮುಗಿಸೋವಷ್ಟೇ. ಲಾನಿನ ಡಿಎಪಿ ಕೊಳದ ಪಕ್ಕ ಹಾಕದಂತೆ, ಮಳೆನೀರು ತಿರುಗಿ ಹೋಗೋ ಹಾಗೆ ಒಂದು ಸಣ್ಣ ಬದು. ಮಾಲಿ ಅಣ್ಣನ ಜೊತೆ ನಾವೇ ಮಣ್ಣು ಹಾಕೋಣ, ಅವರಿಗೆ ಹೇಳಿ ಕೂರೋದು ಬೇಡ. ಎಲೆ ಬೀಳೋ ಕಾಲಕ್ಕೆ ಮೇಲೊಂದು ಬಲೆ.

ಗಿಡ ಹಾಕೋಣ. ಕುಂಡದಲ್ಲಿ ನೈದಿಲೆ ಇಟ್ಟು ನೀರಿನ ಅರ್ಧದಷ್ಟು ಮುಚ್ಚಲಿ, ಬಿಸಿಲು ಕಡಿಮೆ ಆಗುತ್ತೆ. ಅಂಚಿಗೆ ಕೆಸು, ಬಜೆ. ಇವು ಪಾಚಿಯ ಊಟಕ್ಕೇ ಕೈ ಹಾಕ್ತವೆ. ಹಳದಿಯಾದ ಎಲೆ ಕಿತ್ತು ಹೊರಗೆ ಹಾಕಿದಷ್ಟೂ ಗೊಬ್ಬರ ಕೊಳದಿಂದ ಹೊರಗೆ ಹೋದಂಗೆ. ನೀಲಿ ಹೂವಿನ ಹಯಸಿಂತ್ ಮಾತ್ರ ಬೇಡವೇ ಬೇಡ, ತಪ್ಪಿಸಿಕೊಂಡು ಕೆರೆ ಸೇರಿದ್ರೆ ಊರನ್ನೇ ನುಂಗುತ್ತೆ.

ಫಿಲ್ಟರ್ ನಾವೇ ಮಾಡೋಣ. ಒಂದು ಡ್ರಮ್ಮು, ಮೇಲೆ ಸ್ಪಂಜು, ಕೆಳಗೆ ಜಲ್ಲಿ, ಇಟ್ಟಿಗೆ ಚೂರು, ಒಂದು ಸಣ್ಣ ಪಂಪು. ಬ್ಯಾಕ್ಟೀರಿಯಾ ಮನೆ ಕಟ್ಟಿಕೊಳ್ಳೋಕೆ ಕೆಲವು ವಾರ ಬೇಕು, ತಾಳ್ಮೆ ಇರಲಿ. ಸ್ಪಂಜನ್ನ ಕೊಳದ ನೀರಲ್ಲೇ ಹಿಂಡಿ ತೊಳೀಬೇಕು, ಕ್ಲೋರಿನ್ ಇರೋ ನಲ್ಲಿ ನೀರಲ್ಲಿ ತೊಳೆದ್ರೆ ಅವು ಸಾಯ್ತವೆ. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸೋಣ. ನಲ್ಲಿ ನೀರಾದ್ರೆ ಒಂದು ದಿನ ಡ್ರಮ್ಮಲ್ಲಿಟ್ಟು ಹಾಕಬೇಕು. ಬಾಯಿಗೆ ತೆಳು ಬಟ್ಟೆ ಕಟ್ಟೋದು ಮರೀಬೇಡಿ, ಸೊಳ್ಳೆ ಕಾಯ್ತಾ ಇರುತ್ತೆ. ತೆಗೆದ ಹಸಿರು ನೀರು ಲಾನಿಗೇ ಹಾಕಿ. ಡಿಎಪಿ ಖರ್ಚು ಸ್ವಲ್ಪ ಕಡಿಮೆ.

ಕೊನೆಗೆ, ಕಷ್ಟದ್ದು. ಈ ವರ್ಷದ ಫೇರ್‌ವೆಲ್‌ಗೆ ಮೀನು ಬಿಡೋದು ಬೇಡ. ಬದಲಿಗೆ ಬ್ಯಾಚಿನ ಹೆಸರಲ್ಲಿ ಒಂದು ನೈದಿಲೆ ಗಡ್ಡೆ ಇಡೋಣ. ಇರೋ ಮೀನುಗಳಲ್ಲಿ ಅರ್ಧಕ್ಕೆ ಸರಿಯಾದ ಟ್ಯಾಂಕ್ ಇರೋ ಮನೆ ಹುಡುಕೋಣ. ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ಮೀನುಗಳಿಗೆ ಅದು ಅನ್ಯಾಯ.

ಮೂರು ತಿಂಗಳಾದ ಮೇಲೆ ಬೋರ್ಡ್ ಮೇಲಿನ ಅಂಕಿ ನೋಡೋಣ. ಅಮೋನಿಯಾ ಸೊನ್ನೆ ಹತ್ತಿರ ಇದ್ದು, ಗಿಡ ಚಿಗುರಿ, ಮೀನು ಬೆಳಿಗ್ಗೆ ಆರಾಮಾಗಿದ್ದು, ಆದ್ರೂ ನೀರು ಹಸಿರಾಗೇ ಉಳಿದ್ರೆ ಯುವಿ ದೀಪಕ್ಕೆ ಮೊದಲ ಚಂದಾ ನನ್ನದೇ. ಆಗ ದೀಪಕ್ಕೆ ಮಾಡೋಕೆ ಸಣ್ಣ ಕೆಲಸ ಉಳಿದಿರುತ್ತೆ, ಅದನ್ನ ಅದು ಚೆನ್ನಾಗೇ ಮಾಡುತ್ತೆ.

ನ್ಯಾಕ್ ತಂಡ ಬಂದಾಗ ನೀರು ತಿಳಿ ಹಸಿರಾಗಿದ್ರೆ ಏನಂತಾರೋ ಅಂತ ಭಯ ಇರೋರಿಗೆ: ಪಕ್ಕದಲ್ಲಿ ಹನ್ನೆರಡು ವಾರದ ಅಂಕಿಗಳ ಬೋರ್ಡು ಇರುತ್ತೆ, ಅದನ್ನ ವಿವರಿಸೋಕೆ ವಿದ್ಯಾರ್ಥಿಗಳೇ ನಿಂತಿರ್ತಾರೆ. ಸೈನ್ಸ್ ಕಾಲೇಜಿನಲ್ಲಿ ತೋರಿಸೋಕೆ ಇದಕ್ಕಿಂತ ಒಳ್ಳೇದು ಏನಿದೆ ಹೇಳಿ.

ಒಪ್ಪದೇ ಇರೋರು ಕಾಮೆಂಟಲ್ಲಿ ಬನ್ನಿ, ಅಂಕಿ ಹಿಡ್ಕೊಂಡು ಬನ್ನಿ. ಒಪ್ಪೋರು ಶನಿವಾರ ಮಧ್ಯಾಹ್ನ ಕ್ಲಾಸ್ ಮುಗಿಸಿ ಕೊಳದ ಹತ್ತಿರ ಬನ್ನಿ. ಹಳೇ ಪ್ಯಾಂಟ್ ಹಾಕ್ಕೊಂಡು ಬನ್ನಿ, ರಾಡಿ ತೆಗೆಯೋದಿದೆ.

#ತಿಳಿನೀರು #ಕೊಳದಕಥೆ #ಪುರಿಎಸೀಬೇಡಿ #ಕನ್ನಡದಲ್ಲಿವಿಜ್ಞಾನ